ನೀರಿನ ಟ್ಯಾಂಕರಿನ ಮುಚ್ಚಳ ತೆಗೆಸಿ ನೋಡಿದ್ದೀರಾ?



ಸಂಘಕ್ಕೆ ಹಾಲು ಹಾಕಿ ಮನೆಗೆ ಬಂದ ಮೇಲೆ ನಿಮ್ಮ ಮೊದಲ ಕೆಲಸ ಕ್ಯಾನು ತೊಳೆಯುವುದು. ಅದನ್ನು ಯಾರೂ ನಿಮಗೆ ಹೇಳಿಕೊಡಬೇಕಿಲ್ಲ. ಒಂದು ಹೊತ್ತು ತೊಳೆಯದೆ ಬಿಟ್ಟರೆ ಮರುದಿನದ ಹಾಲು ಒಡೆಯುತ್ತದೆ ಎಂಬುದು ನಿಮಗೆ ಗೊತ್ತು. ಸಂಘದ ಬಿಎಂಸಿಯನ್ನು ಹಾಲು ಖಾಲಿಯಾದ ಕೂಡಲೇ ತೊಳೆಯುತ್ತಾರೆ. ಡೇರಿಗೆ ಹೋದ ಹಾಲಿನ ಟ್ಯಾಂಕರು ಒಳಗೆಲ್ಲ ತೊಳೆಸಿಕೊಂಡೇ ಮತ್ತೆ ಹೊರಡಬೇಕು.

ಈಗ ಇನ್ನೊಂದು ಟ್ಯಾಂಕರನ್ನು ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಬೋರು ಬತ್ತಿದಾಗ, ಮೋಟರು ಸುಟ್ಟಾಗ, ಪೈಪು ಒಡೆದಾಗ ನಿಮ್ಮ ಓಣಿಗೆ ಟ್ರ್ಯಾಕ್ಟರಿನ ಹಿಂದೆ ಬರುವ ನೀರಿನ ಟ್ಯಾಂಕರು. ಅದು ಬಂದ ಕೂಡಲೇ ಕೊಡ, ಬಕೆಟ್ಟು, ಡ್ರಮ್ಮು ಹಿಡಿದು ಎಲ್ಲರೂ ಓಡುತ್ತೇವೆ. ನಿನ್ನೆ ಇದರಲ್ಲಿ ಏನು ತುಂಬಿದ್ದರು, ಒಳಗೆ ಕೊನೆಯ ಸಲ ಉಜ್ಜಿದ್ದು ಯಾವಾಗ ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಹಾಲಿಗೆ ನೀರು ಸೇರಿದರೆ ಲ್ಯಾಕ್ಟೋಮೀಟರು ಹಿಡಿದು ಹೇಳುತ್ತದೆ. ನೀರಿಗೆ ಏನು ಸೇರಿದೆ ಎಂದು ಓಣಿಯಲ್ಲಿ ನಿಂತು ನೋಡುವ ಅಭ್ಯಾಸ ನಮಗಿನ್ನೂ ಆಗಿಲ್ಲ.

ಹೊಳಲು, ಹಿರೇಹಡಗಲಿ, ಮೈಲಾರದ ಸುತ್ತಿನ ಊರುಗಳ ಮಹಿಳಾ ಸದಸ್ಯರು ನೀರಿನ ವಿಷಯವನ್ನೂ ಬರೆಯಿರಿ ಎಂದು ಕೇಳುತ್ತಲೇ ಇದ್ದಾರೆ. ಈ ಸಲದ ಪಾಠ ಅದೇ. ತುಂಗಭದ್ರೆ ಪಕ್ಕದಲ್ಲೇ ಹರಿಯುವ ನಾಡಿನಲ್ಲಿ ಟ್ಯಾಂಕರಿನ ಪಾಠ ಏಕೆ ಎಂದು ದೂರದವರು ಕೇಳಬಹುದು. ಹೊಳೆ ಎಷ್ಟು ಹತ್ತಿರವಿದ್ದರೂ ಏಪ್ರಿಲ್ ತಿಂಗಳಲ್ಲಿ ಕೊಡ ಹಿಡಿದು ನಿಲ್ಲುವವರು ಹಾಗೆ ಕೇಳುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತ್ತು. ಮರುವರ್ಷದ ಬೇಸಿಗೆಯಲ್ಲಿ ಟ್ಯಾಂಕರು ಎಷ್ಟು ಊರುಗಳನ್ನು ಕಾಪಾಡಿತು ಎಂಬುದು ನಿಮಗೇ ಗೊತ್ತು.

ಮಕರಬ್ಬಿಯ ನೆನಪು

ಮಕರಬ್ಬಿ ನಮ್ಮದೇ ಹೂವಿನಹಡಗಲಿ ತಾಲ್ಲೂಕಿನ ಊರು. 2021ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ಹೊತ್ತಿಗೆ ಅಲ್ಲಿ ಕಲುಷಿತ ನೀರು ಕುಡಿದು ವಾಂತಿಭೇದಿಯಾಗಿ ಆರು ಜನ ತೀರಿಕೊಂಡ ಸುದ್ದಿ ರಾಜ್ಯವನ್ನೆಲ್ಲ ತಲುಪಿತು. ನೂರಾರು ಜನ ಕಾಯಿಲೆ ಬಿದ್ದರು. ಸರ್ಕಾರ ಐಎಎಸ್ ಅಧಿಕಾರಿ ಮುನೀಶ್ ಮೌದ್ಗಿಲ್ ಅವರಿಗೆ ತನಿಖೆ ಒಪ್ಪಿಸಿತು. ಸತ್ತವರ ಮನೆಯವರಿಗೆ ತಲಾ 3 ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯಿತು.

ಅಲ್ಲಿ ಕೆಟ್ಟಿದ್ದು ಟ್ಯಾಂಕರಿನ ನೀರಲ್ಲ. ಆದರೂ ಈ ಪಾಠದಲ್ಲಿ ಮಕರಬ್ಬಿಯ ಮಾತು ಎತ್ತುವುದಕ್ಕೆ ಕಾರಣವಿದೆ. ಒಂದು ಊರಿನ ನೀರು ಕೆಟ್ಟಿತು ಎಂದಾಗ ನಾವು ಮೊದಲು ಮಾಡುವ ಕೆಲಸ ನಲ್ಲಿ ಬಂದ್ ಮಾಡಿ ಟ್ಯಾಂಕರು ತರಿಸುವುದು. ಆಗ ಇಡೀ ಊರು, ಅದರಲ್ಲೂ ಹೊಟ್ಟೆ ಕೆಟ್ಟು ಬಳಲಿದ ಮಕ್ಕಳು, ಮುದುಕರು ಆ ಒಂದೇ ತೊಟ್ಟಿಯ ನೀರು ಕುಡಿಯುತ್ತಾರೆ. ಹೊಲಸಾದ ಬಾವಿಯಿಂದ ಹತ್ತು ಮನೆ ಕೆಟ್ಟರೆ ಹೊಲಸಾದ ಟ್ಯಾಂಕರಿನಿಂದ ಒಂದೇ ದಿನದಲ್ಲಿ ನಾಲ್ಕು ಓಣಿ ಕೆಡುತ್ತವೆ. ಔಷಧಿ ಎಂದು ತರಿಸಿದ್ದೇ ರೋಗ ಹಂಚಬಾರದಲ್ಲವೇ?

ದಂಡಿನವರು ಕಲಿತದ್ದು

ಗಾಲಿಯ ಮೇಲಿನ ನೀರಿನ ತೊಟ್ಟಿಯನ್ನು ಚೊಕ್ಕಟವಾಗಿ ಇಡುವ ವಿದ್ಯೆಯನ್ನು ಚೆನ್ನಾಗಿ ಕಲಿತವರು ಸೈನ್ಯದವರು. ಅವರೂ ಸುಮ್ಮನೆ ಕಲಿಯಲಿಲ್ಲ, ಬಹಳ ಜನರನ್ನು ಕಳೆದುಕೊಂಡು ಕಲಿತರು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಸುಮಾರು 22 ಸಾವಿರ ಜನ ಸತ್ತರು. ಅದರಲ್ಲಿ ಗುಂಡಿಗೆ ಬಿದ್ದವರಿಗಿಂತ ಟೈಫಾಯ್ಡ್, ಆಮಶಂಕೆಯಂಥ ಕಾಯಿಲೆಯಿಂದ ಹೋದವರೇ ಹೆಚ್ಚು. ಬಾಯಾರಿದ ಸೈನಿಕರು ಸಿಕ್ಕಸಿಕ್ಕ ಹೊಳೆಯ ನೀರು ಕುಡಿದರು. ಹೊಳೆಯ ಮೇಲ್ಭಾಗದಲ್ಲಿ ಏನಿತ್ತು ಎಂಬುದು ಅವರಿಗೆ ತಿಳಿಯಲಿಲ್ಲ.

1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ ಪ್ರತಿ ಪಲ್ಟನಿಗೂ ನೀರಿನ ಬಂಡಿ ಇತ್ತು. ಆ ಬಂಡಿಯ ನೀರನ್ನು ನೋಡಿಕೊಳ್ಳುವುದಕ್ಕೆಂದೇ ಬೇರೆ ಆಳುಗಳಿದ್ದರು, ಅವರ ಮೇಲೆ ವೈದ್ಯಾಧಿಕಾರಿಯ ಕಣ್ಣಿತ್ತು. ಬಂಡಿಗೆ ಬ್ಲೀಚಿಂಗ್ ಪುಡಿ ಹಾಕುತ್ತಿದ್ದರು. ಎಷ್ಟು ಹಾಕಬೇಕು ಎಂಬ ಪ್ರಶ್ನೆಗೆ ಸೈನ್ಯದ ವೈದ್ಯ ಸರ್ ವಿಲಿಯಂ ಹೊರಾಕ್ಸ್ ಒಂದು ಸಣ್ಣ ಪೆಟ್ಟಿಗೆಯಲ್ಲಿ ಉತ್ತರ ಕೊಟ್ಟರು. ಆ ಪೆಟ್ಟಿಗೆಯ ಲೆಕ್ಕ ಇವತ್ತಿಗೂ ನಮ್ಮ ವೈದ್ಯಕೀಯ ಕಾಲೇಜುಗಳ ಪಾಠದಲ್ಲಿದೆ. ಅದನ್ನು ಮುಂದೆ ಹೇಳುತ್ತೇನೆ.

ಅದೇ ಯುದ್ಧದ ಇನ್ನೊಂದು ಸಂಗತಿ ಹಾಲು ಮಾರುವ ನಮಗೆ ಹತ್ತಿರದ್ದು. ಈಗಿನ ಇರಾಕ್ ದೇಶದಲ್ಲಿ ಹೋರಾಡಿದ ಸೈನ್ಯದಲ್ಲಿ ನಮ್ಮ ದೇಶದ ಸಿಪಾಯಿಗಳೇ ಬಹಳ. ಆ ಸೈನ್ಯದ ದಂಡನಾಯಕ ಜನರಲ್ ಮಾಡ್ 1917ರ ಮಾರ್ಚ್‌ನಲ್ಲಿ ಬಾಗ್ದಾದ್ ಗೆದ್ದರು. ನವೆಂಬರಿನಲ್ಲಿ ಅಲ್ಲಿಯೇ ಕಾಲರಾದಿಂದ ತೀರಿಕೊಂಡರು. ಒಂದು ಸಮಾರಂಭದಲ್ಲಿ ಕಾಫಿಗೆ ಕಾಯಿಸದ ಹಾಲು ಹಾಕಿಕೊಂಡದ್ದೇ ಕಾರಣವೆಂದು ಆಗ ಹೇಳುತ್ತಿದ್ದರು. ಇಡೀ ದಂಡಿನ ನೀರಿಗೆ ಕಾವಲಿಟ್ಟ ದೊರೆಗೆ ಒಂದು ಚಮಚ ಹಸಿ ಹಾಲು ಮೋಸ ಮಾಡಿತು. ಕಾಲರಾ ಹಸುವಿನ ಕೆಚ್ಚಲಿನಿಂದ ಬರುವ ರೋಗವಲ್ಲ. ಅದು ಹಾಲಿಗೆ ಬೀಳುವುದು ಪಾತ್ರೆ ತೊಳೆದ ನೀರಿನಿಂದ, ಬೆರೆಸಿದ ನೀರಿನಿಂದ, ಕೈಯಿಂದ. ನೀರು ಕೆಟ್ಟರೆ ಹಾಲು ತಾನಾಗಿಯೇ ಕೆಡುತ್ತದೆ.

ನಮಗೂ ವರ್ಷಕ್ಕೊಮ್ಮೆ ಒಂದು ದಂಡು ಬಂದು ಇಳಿಯುತ್ತದೆ. ಭರತ ಹುಣ್ಣಿಮೆಯ ಮೈಲಾರ ಜಾತ್ರೆಗೆ ಎತ್ತಿನ ಬಂಡಿ, ಟ್ರ್ಯಾಕ್ಟರು, ಬಸ್ಸು ಹಿಡಿದು ಲಕ್ಷಾಂತರ ಜನ ಬರುತ್ತಾರೆ, ದಾರಿಯ ಊರುಗಳಲ್ಲೆಲ್ಲ ಬಂಡಿ ಬಿಟ್ಟು ತಂಗುತ್ತಾರೆ. ಮಣಿ ಮಲ್ಲಾಸುರರನ್ನು ಕೊಲ್ಲಲು ಮೈಲಾರಲಿಂಗ ಏಳು ಕೋಟಿ ದಂಡು ಕಟ್ಟಿಕೊಂಡು ಹೋದನೆಂದು ಹಿರಿಯರು ಹೇಳುತ್ತಾರೆ. ಅಷ್ಟು ದೊಡ್ಡ ದಂಡಿಗೆ ನೀರು ಹೊತ್ತವರು ಯಾರು ಎಂದು ಕಥೆಯಲ್ಲಿ ಕೇಳಿದ ನೆನಪಿಲ್ಲ. ಈಗಿನ ಜಾತ್ರೆಗೆ ಹೊರುವುದು ನಮ್ಮ ಟ್ಯಾಂಕರುಗಳೇ.

ಮೊದಲು ಟ್ಯಾಂಕರಿನ ಜಾತಕ

ನೀರಿನ ಟ್ಯಾಂಕರು ಎಂದು ಬಣ್ಣದಲ್ಲಿ ಬರೆದ ಮಾತ್ರಕ್ಕೆ ಅದು ಕುಡಿಯುವ ನೀರಿನ ಟ್ಯಾಂಕರಾಗುವುದಿಲ್ಲ. ಕಟ್ಟಡದ ಕೆಲಸಕ್ಕೆ ಕೆರೆಯ ನೀರು, ರಸ್ತೆ ಕೆಲಸಕ್ಕೆ ಹಳ್ಳದ ನೀರು, ತೋಟಕ್ಕೆ ಔಷಧಿ ಕಲಸಿದ ನೀರು, ಕೆಲವೊಮ್ಮೆ ಇನ್ನೂ ಹೇಳಬಾರದ್ದನ್ನು ಒಂದೇ ತೊಟ್ಟಿ ಹೊರುತ್ತದೆ. ಇದರಲ್ಲಿ ಎರಡು ಬಗೆಯನ್ನು ಬೇರೆ ಬೇರೆ ಮಾಡಿ ತಿಳಿಯಬೇಕು. ಕೆರೆಯ ನೀರು, ಕೆಸರು ಹೊತ್ತ ತೊಟ್ಟಿಯನ್ನು ತೊಳೆದು ಶುದ್ಧ ಮಾಡಬಹುದು. ಕೀಟನಾಶಕ, ಕಳೆನಾಶಕ, ಡೀಸೆಲ್, ಶೌಚದ ಗುಂಡಿಯ ನೀರು ಹೊತ್ತ ತೊಟ್ಟಿಯನ್ನು ಕುಡಿಯುವ ನೀರಿಗೆ ಬಳಸಲೇಬಾರದು. ಬ್ಲೀಚಿಂಗ್ ಪುಡಿ ರೋಗಾಣುವನ್ನು ಕೊಲ್ಲುತ್ತದೆ, ವಿಷವನ್ನು ತೆಗೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ: ನೀರು ಸಾಗಿಸಲು ಬೇರೆ ಟ್ಯಾಂಕರು ತರಿಸುವುದಾದರೆ ಹಾಲು, ಅಡುಗೆ ಎಣ್ಣೆ, ಹಣ್ಣಿನ ರಸದಂಥ ತಿನ್ನುವ ಕುಡಿಯುವ ಪದಾರ್ಥ ಹೊತ್ತವನ್ನು ಮಾತ್ರ ತರಿಸಬೇಕು.

ಇದೇ ಮಾತು ಮನೆಯ ಡ್ರಮ್ಮಿಗೂ ಸೇರುತ್ತದೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಡ್ರಮ್ಮಿನಲ್ಲಿ ಮೊದಲು ಏನಿತ್ತು ಎಂದು ಮಾರುವವನಿಗೇ ಗೊತ್ತಿರುವುದಿಲ್ಲ. ಔಷಧಿಯ ಡ್ರಮ್ಮನ್ನು ಎಷ್ಟು ಉಜ್ಜಿದರೂ ಅದು ಔಷಧಿಯ ಡ್ರಮ್ಮೇ. ಅದರಲ್ಲಿ ಎಮ್ಮೆಗೂ ನೀರು ಇಡಬೇಡಿ.

ತೊಳೆಯುವ ಬಗೆ

ಇದು ಟ್ಯಾಂಕರಿನ ಮಾಲೀಕರು, ಚಾಲಕರು, ಪಂಚಾಯಿತಿಯವರು ಮಾಡಬೇಕಾದ ಕೆಲಸ, ನೀವು ತೊಟ್ಟಿಯೊಳಗೆ ಇಳಿಯಬೇಕೆಂದು ಹೇಳುತ್ತಿಲ್ಲ. ಆದರೆ ಕೆಲಸದ ಕ್ರಮ ಗೊತ್ತಿದ್ದವರಿಗೆ ಮಾತ್ರ ಕೆಲಸ ಆಗಿದೆಯೇ ಇಲ್ಲವೇ ಎಂದು ಕೇಳಲು ಬರುತ್ತದೆ.

ಕ್ಯಾನು ತೊಳೆಯುವಾಗ ನೀವು ಮೊದಲು ಬರಿ ನೀರಿನಲ್ಲಿ ಅಲುಬುತ್ತೀರಿ, ಆಮೇಲೆ ಸೋಪಿನ ಪುಡಿ ಹಾಕಿ ಬ್ರಷ್ಷಿನಿಂದ ಉಜ್ಜುತ್ತೀರಿ, ಮತ್ತೆ ಅಲುಬಿ, ಬಿಸಿನೀರು ಹಾಕಿ ಬೋರಲು ಇಡುತ್ತೀರಿ. ಟ್ಯಾಂಕರಿಗೂ ಹೀಗೇ. ಮೊದಲು ಅಡಿಯ ವಾಲ್ವ್ ಪೂರ್ತಿ ತೆಗೆದು, ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ಉಳಿದ ನೀರನ್ನೂ ಕೆಸರನ್ನೂ ಹೊರಗೆ ಬಿಡಬೇಕು. ವಾಲ್ವ್ ತೆಗೆದಂತೆಯೇ ಇಟ್ಟು, ಉದ್ದ ಹಿಡಿಯ ಬ್ರಷ್ಷು ಅಥವಾ ಜೋರಾಗಿ ಹಾರುವ ನೀರಿನಿಂದ ಸೋಪಿನ ಪುಡಿ ಹಾಕಿ ಒಳಗೋಡೆ, ಮೂಲೆ, ನೀರು ತುಳುಕದಂತೆ ನಡುವೆ ಇಟ್ಟ ತಡೆಹಲಗೆಗಳ ಹಿಂಬದಿ, ಮುಚ್ಚಳದ ಒಳಮೈ ಎಲ್ಲವನ್ನೂ ಉಜ್ಜಬೇಕು. ಒಳಗೋಡೆಗೆ ಕೈ ಇಟ್ಟರೆ ಜಾರುವ ಲೋಳೆ ಇರುತ್ತದೆ. ಎಲ್ಲಕ್ಕಿಂತ ಮುಖ್ಯ ಅದೇ. ಆ ಲೋಳೆಯೊಳಗೆ ರೋಗಾಣುಗಳು ಗೂಡು ಕಟ್ಟಿರುತ್ತವೆ. ಮೇಲಿನಿಂದ ಎಷ್ಟು ಬ್ಲೀಚಿಂಗ್ ಪುಡಿ ಹಾಕಿದರೂ ಅದರ ಶಕ್ತಿಯೆಲ್ಲ ಲೋಳೆಯ ಮೇಲ್ಪದರವನ್ನು ಸುಡುವುದರಲ್ಲೇ ಮುಗಿದುಹೋಗುತ್ತದೆ, ನೀರಿಗೆ ಉಳಿಯುವುದಿಲ್ಲ. ಉಜ್ಜದೆ ಪುಡಿ ಹಾಕುವುದು ಸಗಣಿ ಬಾಚದೆ ಫಿನಾಯಿಲ್ ಚೆಲ್ಲಿದ ಹಾಗೆ.

ಸೋಪಿನ ನೀರು ಹೋಗುವವರೆಗೆ ಅಲುಬಿದ ಮೇಲೆ ರೋಗಾಣು ಕೊಲ್ಲುವ ಕೆಲಸ. ಲೆಕ್ಕ ಹೀಗಿದೆ: 1000 ಲೀಟರಿಗೆ 160 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ. ನಮ್ಮ ಕಡೆಯ ಟ್ರ್ಯಾಕ್ಟರ್ ಟ್ಯಾಂಕರು 4000 ಲೀಟರಿನದಾದರೆ 640 ಗ್ರಾಂ ಬೇಕು. ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹಾಗೆ ಕಲಸಿ, ಆಮೇಲೆ ಬಕೆಟ್ ತುಂಬ ನೀರು ಹಾಕಿ, ಸುಣ್ಣ ಕೆಳಗೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ತೊಟ್ಟಿಗೆ ಸುರಿಯಬೇಕು. ತೊಟ್ಟಿಯಲ್ಲಿ ಮೊದಲೇ ಕಾಲುಭಾಗ ಚೊಕ್ಕ ನೀರು ಇರಲಿ. ತಿಳಿ ಸುರಿದ ಮೇಲೆ ಬಾಯಿತನಕ ತುಂಬಿ, ಮುಚ್ಚಳ ಹಾಕಿ 24 ಗಂಟೆ ಬಿಡಬೇಕು. ನೀರು ಬಿಡುವ ರಬ್ಬರ್ ಪೈಪಿನಲ್ಲೂ, ಪಂಪಿನಲ್ಲೂ ಇದೇ ನೀರು ತುಂಬಿ ನಿಲ್ಲಬೇಕು.

ಬೇಸಿಗೆಯ ನಡುವೆ ಒಂದು ಇಡೀ ದಿನ ಟ್ಯಾಂಕರು ನಿಲ್ಲಿಸಿ ಎಂದರೆ ಯಾವ ಮಾಲೀಕನೂ ಒಪ್ಪುವುದಿಲ್ಲ. ಅವನದೂ ಟ್ರಿಪ್ಪಿನ ಲೆಕ್ಕದ ಸಂಪಾದನೆ. ಅದಕ್ಕೆ ಎರಡು ದಾರಿ ಇವೆ. ಪುಡಿಯನ್ನು ಎರಡು ಪಟ್ಟು ಮಾಡಿದರೆ 8 ಗಂಟೆ ಸಾಕು, ರಾತ್ರಿ ತುಂಬಿಸಿ ಇಟ್ಟು ಬೆಳಿಗ್ಗೆ ಖಾಲಿ ಮಾಡಿ ಅಲುಬಿದರೆ ಒಂದು ಟ್ರಿಪ್ಪೂ ತಪ್ಪುವುದಿಲ್ಲ. ಇನ್ನೂ ಒಳ್ಳೆಯದೆಂದರೆ ಸಂಕ್ರಾಂತಿ ಮುಗಿದ ಕೂಡಲೇ, ಜಾತ್ರೆಗೂ ಬೇಸಿಗೆಗೂ ಮೊದಲೇ ಈ ದೊಡ್ಡ ತೊಳೆತ ಮುಗಿಸಿಬಿಡುವುದು. ಆಗ ಟ್ಯಾಂಕರಿಗೆ ಕೆಲಸ ಕಡಿಮೆ, ನೀರೂ ಇರುತ್ತದೆ. ತೊಳೆಯಲು ಬೇಕಾಗುವ ನೀರು ಬೇಸಿಗೆಯಲ್ಲಿ ಎಲ್ಲಿಂದ ತರುವುದು ಎಂಬ ನೆಪವೂ ಉಳಿಯುವುದಿಲ್ಲ.

ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಎರಡು ಎಚ್ಚರಿಕೆ ಹೇಳಬೇಕು. ಬಹುದಿನ ಮುಚ್ಚಿಟ್ಟ ಕಬ್ಬಿಣದ ತೊಟ್ಟಿಯಲ್ಲಿ ತುಕ್ಕು ಹಿಡಿಯುತ್ತಾ ಒಳಗಿನ ಗಾಳಿಯ ಆಮ್ಲಜನಕ ಕಡಿಮೆಯಾಗಿರುತ್ತದೆ. ಹುಡುಗನೊಬ್ಬನನ್ನು ಒಳಗೆ ಇಳಿಸಿ ತೊಳೆ ಎನ್ನುವುದು ಅವನನ್ನು ಸಾವಿನ ಬಾಯಿಗೆ ಇಳಿಸಿದಂತೆ. ಒಳಗೆ ಬಿದ್ದವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ಆದಷ್ಟು ಹೊರಗಿನಿಂದಲೇ ಉದ್ದ ಬ್ರಷ್ಷಿನಲ್ಲಿ ತೊಳೆಯಬೇಕು. ಎರಡನೆಯದು, ಬ್ಲೀಚಿಂಗ್ ಪುಡಿಯ ಜೊತೆಗೆ ಕಕ್ಕಸು ತೊಳೆಯುವ ಆಸಿಡ್ಡನ್ನು ಎಂದೂ ಸೇರಿಸಬಾರದು. ತುಕ್ಕು ಬೇಗ ಹೋಗಲಿ ಎಂದು ಎರಡನ್ನೂ ಒಟ್ಟಿಗೆ ಸುರಿಯುವವರಿದ್ದಾರೆ. ಅದರಿಂದ ಏಳುವ ಕ್ಲೋರಿನ್ ಅನಿಲ ಪುಪ್ಪುಸವನ್ನು ಸುಡುತ್ತದೆ. ಮಹಾಯುದ್ಧದಲ್ಲಿ ಅದೇ ಅನಿಲವನ್ನು ಆಯುಧವಾಗಿ ಬಳಸಿದ್ದರು ಎಂದರೆ ಸಾಕು.

ಸೈನ್ಯದ ಪೆಟ್ಟಿಗೆಯ ಲೆಕ್ಕ

ತೊಳೆದ ತೊಟ್ಟಿಗೆ ದಿನದಿನ ತುಂಬುವ ಕುಡಿಯುವ ನೀರಿಗೆ ಎಷ್ಟು ಪುಡಿ ಹಾಕಬೇಕು? ತಿಳಿಯಾದ ಕೊಳವೆಬಾವಿಯ ನೀರಿಗೆ ಸಾಮಾನ್ಯವಾಗಿ 1000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ, ಅಂದರೆ 4000 ಲೀಟರಿಗೆ 10 ಗ್ರಾಂ. ಆದರೆ ನೀರು ನೀರಿಗೂ ಹಸಿವು ಬೇರೆ. ಹೊಳೆಯ ನೀರು, ತೆರೆದ ಬಾವಿಯ ನೀರು ಹೆಚ್ಚು ಪುಡಿ ನುಂಗುತ್ತದೆ. ಹೊರಾಕ್ಸ್ ಪೆಟ್ಟಿಗೆ ಇರುವುದು ಈ ಹಸಿವನ್ನು ಅಳೆಯುವುದಕ್ಕೆ.

ಅದರಲ್ಲಿ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, 2 ಗ್ರಾಂ ಹಿಡಿಯುವ ಚಮಚ, ಹನಿ ಹಾಕುವ ನಳಿಕೆ, ಬಣ್ಣ ತೋರಿಸುವ ಗಂಜಿ-ಅಯೊಡೈಡ್ ದ್ರಾವಣ ಇರುತ್ತವೆ. ಕಪ್ಪು ಬಟ್ಟಲಿನಲ್ಲಿ ಒಂದು ಚಮಚ ಬ್ಲೀಚಿಂಗ್ ಪುಡಿ ಕಲಸಿ ಗೆರೆಯವರೆಗೆ ನೀರು ತುಂಬಿ ತಿಳಿಯಾಗಲು ಬಿಡುತ್ತಾರೆ. ಆರು ಬಿಳಿ ಬಟ್ಟಲುಗಳಲ್ಲಿ ಪರೀಕ್ಷೆಯ ನೀರು ತುಂಬುತ್ತಾರೆ. ಕಪ್ಪು ಬಟ್ಟಲಿನ ತಿಳಿಯನ್ನು ಮೊದಲನೆಯದಕ್ಕೆ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರನೆಯದಕ್ಕೆ ಆರು ಹನಿ ಹಾಕಿ ಕಲಕಿ ಅರ್ಧ ಗಂಟೆ ಕಾಯುತ್ತಾರೆ. ಆಮೇಲೆ ಪ್ರತಿ ಬಟ್ಟಲಿಗೆ ಗಂಜಿ-ಅಯೊಡೈಡಿನ ಮೂರು ಹನಿ. ಯಾವ ಬಟ್ಟಲಿನಲ್ಲಿ ಮೊದಲು ನೀಲಿ ಬಣ್ಣ ಕಾಣುತ್ತದೋ ಅಷ್ಟು ಚಮಚ ಪುಡಿ 455 ಲೀಟರ್ ನೀರಿಗೆ ಬೇಕು. ನೀಲಿ ಬಂತೆಂದರೆ ಕೊಳೆಯ ಹಸಿವು ತೀರಿ ಕ್ಲೋರಿನ್ ಮಿಕ್ಕಿದೆ ಎಂದರ್ಥ.

455 ಲೀಟರ್ ಎಂಬ ವಿಚಿತ್ರ ಸಂಖ್ಯೆ ಏಕೆ ಎಂದು ಕೇಳುವಿರಿ. ಅದು ಹಳೆಯ ಲೆಕ್ಕದ 100 ಗ್ಯಾಲನ್, ಆಗಿನ ಸೈನ್ಯದ ನೀರಿನ ಬಂಡಿ ಹಿಡಿಯುತ್ತಿದ್ದುದು ಹತ್ತಿರಹತ್ತಿರ ಅಷ್ಟು. ನಮ್ಮ 40 ಲೀಟರಿನ ಹಾಲಿನ ಕ್ಯಾನಿನ ಲೆಕ್ಕದಲ್ಲಿ ಹನ್ನೊಂದು ಕ್ಯಾನು ತುಂಬಿ ಮೇಲೊಂದಿಷ್ಟು. ಮೂರನೇ ಬಟ್ಟಲು ನೀಲಿಯಾಯಿತು ಎನ್ನಿ. ಮೂರು ಚಮಚ, ಅಂದರೆ 455 ಲೀಟರಿಗೆ 6 ಗ್ರಾಂ. 4000 ಲೀಟರಿನ ಟ್ಯಾಂಕರಿಗೆ ಸುಮಾರು 53 ಗ್ರಾಂ. ಕೊಳವೆಬಾವಿಯ 10 ಗ್ರಾಂ ಎಲ್ಲಿ, ಈ 53 ಗ್ರಾಂ ಎಲ್ಲಿ! ಎಲ್ಲ ನೀರಿಗೂ ಒಂದೇ ಹಿಡಿ ಪುಡಿ ಎಸೆಯುವ ಪದ್ಧತಿ ಏಕೆ ತಪ್ಪು ಎಂಬುದು ಇದರಿಂದ ಗೊತ್ತಾಗುತ್ತದೆ. ನೀರು ಕೆಂಪಗೆ ಕದಡಿದ್ದರೆ ಈ ಲೆಕ್ಕವೂ ಕೆಲಸಕ್ಕೆ ಬರುವುದಿಲ್ಲ, ಮೊದಲು ತಿಳಿಯಾಗಿಸಬೇಕು.

ಪುಡಿ ಹಾಕಿದ ಮೇಲೆ ಕನಿಷ್ಠ ಅರ್ಧ ಗಂಟೆ ಕಳೆಯಬೇಕು. ನೀರು ತುಂಬುವ ಜಾಗದಲ್ಲೇ ಪುಡಿಯ ತಿಳಿ ಹಾಕಿದರೆ ದಾರಿಯ ಕುಲುಕಾಟದಲ್ಲಿ ಚೆನ್ನಾಗಿ ಬೆರೆಯುತ್ತದೆ, ಊರಿಗೆ ಬರುವಷ್ಟರಲ್ಲಿ ಹೊತ್ತೂ ಕಳೆದಿರುತ್ತದೆ. ಊರಿಗೆ ಬಂದ ಮೇಲೆ, ಜನ ಕೊಡ ಇಟ್ಟ ಮೇಲೆ ಪುಡಿ ಎಸೆಯುವುದು ತೋರಿಕೆಯ ಕೆಲಸ.

ಪುಡಿಯ ಗುಣವನ್ನೂ ನೋಡಬೇಕು. ಹೊಸ ಪುಡಿಯಲ್ಲಿ ನೂರಕ್ಕೆ ಸುಮಾರು 33 ಪಾಲು ಕ್ಲೋರಿನ್ ಇರುತ್ತದೆ. ಬಾಯಿ ಬಿಚ್ಚಿದ ಚೀಲ, ಬಿಸಿಲು, ತೇವ ಸೇರಿದರೆ ಕೆಲವೇ ವಾರಗಳಲ್ಲಿ ಅದು ಬರಿ ಸುಣ್ಣವಾಗುತ್ತದೆ. ಗಂಟುಗಂಟಾಗಿ, ವಾಸನೆಯೇ ಇಲ್ಲದ ಪುಡಿ ಗೋಡೆಗೆ ಬಳಿಯಲೂ ಬಂದೀತು, ನೀರಿಗೆ ಬಾರದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ನೆರಳಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಓಣಿಯಲ್ಲಿ ನಿಂತು ನೀವು ನೋಡಬೇಕಾದದ್ದು

ಮೊದಲು ಪೈಪು ನೋಡಿ. ನನ್ನ ಅನುಭವದಲ್ಲಿ ಟ್ಯಾಂಕರಿನ ತೊಟ್ಟಿಗಿಂತ ಪೈಪೇ ಹೊಲಸು. ಒಂದೂರಿನಲ್ಲಿ ತೊಟ್ಟಿಯನ್ನು ಚೆನ್ನಾಗಿ ತೊಳೆದು, ಹೊಸ ಬಣ್ಣ ಬಳಿದು ತಂದಿದ್ದರು. ನಾನು ಹೊಗಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಚಾಲಕ ಪೈಪನ್ನು ಎಳೆದು ಇಳಿಸಿದ. ಅದರ ತುದಿ ಸೀದಾ ಸಗಣಿಯ ಮೇಲೆ ಬಿತ್ತು, ಅಲ್ಲಿಂದ ಎತ್ತಿ ಒಬ್ಬ ತಾಯಿಯ ಕೊಡದೊಳಗೆ ಇಟ್ಟ. ಯಾರಿಗೂ ಅದು ತಪ್ಪೆಂದು ಅನ್ನಿಸಲಿಲ್ಲ. ಆ ಕೊಡ ತುಂಬುವವರೆಗೆ ನನಗೂ ಮಾತು ಹೊರಡಲಿಲ್ಲ. ಪೈಪು ಸುತ್ತಿ ನೇತುಹಾಕಲು ಟ್ಯಾಂಕರಿನ ಪಕ್ಕದಲ್ಲಿ ಒಂದು ಕೊಂಡಿ, ತುದಿಗೆ ಒಂದು ಮುಚ್ಚಳ ಇದ್ದರೆ ಸಾಕಿತ್ತು. ಪೈಪಿನ ತುದಿ ಕೊಡದ ಬಾಯಿಗೆ ಮುಟ್ಟದಂತೆ ಮೇಲಿನಿಂದ ನೀರು ಬೀಳಲಿ.

ಆಮೇಲೆ ಮುಚ್ಚಳ. ಮುಚ್ಚಳವಿಲ್ಲದೆ ಗೋಣಿಚೀಲ ಹೊದಿಸಿದ ಟ್ಯಾಂಕರುಗಳು ಈಗಲೂ ಓಡಾಡುತ್ತಿವೆ. ದಾರಿಯ ದೂಳು, ಹಕ್ಕಿಯ ಹಿಕ್ಕೆ, ಓತಿಕ್ಯಾತ ಎಲ್ಲವೂ ಒಳಗೆ ಬೀಳುತ್ತವೆ. ಮುಚ್ಚಳ ಬಿಗಿಯಾಗಿ ಕೂರಬೇಕು, ಗಾಳಿ ಆಡುವ ತೂತಿಗೆ ಸಣ್ಣ ಜಾಲರಿ ಇರಬೇಕು.

ಮೂರನೆಯದು ಕ್ಲೋರಿನ್ ಪರೀಕ್ಷೆ. ಇದನ್ನು ತೊಟ್ಟಿಯ ಬಾಯಿಯಲ್ಲಿ ಅಲ್ಲ, ಕೊಡಕ್ಕೆ ಬೀಳುವ ನೀರಿನಲ್ಲಿ ಮಾಡಬೇಕು. ಜಲ ಜೀವನ್ ಮಿಷನ್, ಅಂದರೆ ನಮ್ಮಲ್ಲಿ ಮನೆ ಮನೆಗೆ ಗಂಗೆ ಎಂದು ಕರೆಯುವ ಯೋಜನೆಯಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕೆಂದಿದೆ. ನಿಮ್ಮ ಊರಿನ ಐವರು ಯಾರು? ಅವರಲ್ಲಿ ಒಬ್ಬರಾದರೂ ನಮ್ಮ ಸಂಘದ ಸದಸ್ಯರೇ ಇರುವ ಸಾಧ್ಯತೆ ಹೆಚ್ಚು. ಕಿಟ್ಟು ಪಂಚಾಯಿತಿಯ ಕಪಾಟಿನಲ್ಲಿ ದೂಳು ಹಿಡಿದಿದ್ದರೆ ಕೇಳಿ ತನ್ನಿ. ಸಣ್ಣ ನಳಿಕೆಯಲ್ಲಿ ನೀರು ಹಿಡಿದು ಹನಿ ಹಾಕಿದರೆ ಬಣ್ಣ ಬರುತ್ತದೆ, ಅದನ್ನು ತಕ್ಷಣವೇ ಪಟ್ಟಿಯೊಂದಿಗೆ ಹೋಲಿಸಬೇಕು. ಒಂದು ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿದಿದ್ದರೆ ಸರಿ. ಹಾಲು ಪರೀಕ್ಷೆ ಮಾಡಿ ಅಭ್ಯಾಸವಿರುವ ಕೈಗೆ ಇದು ಎರಡು ನಿಮಿಷದ ಕೆಲಸ.

ಪುಡಿ ಹಾಕಿದ್ದೇವೆ ಎಂದು ಚಾಲಕ ಹೇಳುತ್ತಾನೆ, ಪರೀಕ್ಷೆಯಲ್ಲಿ ಬಣ್ಣ ಬರುವುದಿಲ್ಲ ಎಂದಿಟ್ಟುಕೊಳ್ಳಿ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಜಗಳಕ್ಕೆ ನಿಲ್ಲಬೇಡಿ. ಪುಡಿ ಹಳೆಯದಿರಬಹುದು, ಇಲ್ಲವೇ ತೊಟ್ಟಿಯ ಲೋಳೆ ಅದನ್ನೆಲ್ಲ ನುಂಗಿರಬಹುದು. ಆವತ್ತಿನ ನೀರನ್ನು ಕುದಿಸಿ ಕುಡಿಯಿರಿ. ಟ್ಯಾಂಕರಿಗೆ ತೊಳೆಯುವ ದಿನ ಬಂದಿದೆ ಎಂದು ನೀರುಗಂಟಿಗೂ ಪಿಡಿಒ ಅವರಿಗೂ ತಿಳಿಸಿ. ಕುಡಿಯುವ ನೀರು ಪಂಚಾಯಿತಿಯ ಹೊಣೆ. ಬಾಡಿಗೆಯ ಟ್ಯಾಂಕರಾದರೂ ಅದು ತಪ್ಪುವುದಿಲ್ಲ. ಟ್ಯಾಂಕರು ಗೊತ್ತು ಮಾಡುವ ಮೊದಲೇ ತೊಳೆದ ದಿನಾಂಕವನ್ನು ಅದರ ಮೈಮೇಲೆ ಬರೆಸಬೇಕೆಂದು ಗ್ರಾಮಸಭೆಯಲ್ಲಿ ಕೇಳಬಹುದು. ಒಬ್ಬರೇ ಕೇಳಿದರೆ ನಿನಗೇಕೆ ಉಸಾಬರಿ ಎನ್ನುತ್ತಾರೆ, ಸಂಘದ ಇಪ್ಪತ್ತು ಜನ ಒಟ್ಟಿಗೆ ಕೇಳಿದರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ಕೊಟ್ಟಿಗೆಯ ಲೆಕ್ಕ

ಹಾಲು ಕೊಡುವ ಒಂದು ಹಸು ದಿನಕ್ಕೆ 60ರಿಂದ 80 ಲೀಟರ್ ನೀರು ಕುಡಿಯುತ್ತದೆ, ಬಿಸಿಲಿನಲ್ಲಿ ಇನ್ನೂ ಹೆಚ್ಚು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಟ್ಯಾಂಕರಿನ ನೀರು ಸಾಲದಿದ್ದಾಗ ದನಕ್ಕೆ ಹಳ್ಳದ ನೀರು, ನಮಗೆ ಟ್ಯಾಂಕರಿನ ನೀರು ಎಂದು ಹಂಚಿಕೊಳ್ಳುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆಚ್ಚಲು ತೊಳೆಯುವ ನೀರು, ಕ್ಯಾನು ತೊಳೆಯುವ ನೀರು, ಕರುವಿಗೆ ಕುಡಿಸುವ ನೀರು ಈ ಮೂರು ಕುಡಿಯುವ ನೀರಿನ ಪಾಲಿನಲ್ಲೇ ಇರಲಿ. ಕೊಳೆತ ನೀರು, ಲೋಳೆ ಹಿಡಿದ ಪೈಪಿನಲ್ಲಿ ಬೆಳೆಯುವ ಸ್ಯೂಡೋಮೋನಾಸ್ ಎಂಬ ರೋಗಾಣು ಕೆಚ್ಚಲು ಸೇರಿದರೆ ಬರುವ ಕೆಚ್ಚಲು ಬಾವು ಔಷಧಿಗೆ ಬಗ್ಗುವುದು ಬಹಳ ಕಷ್ಟ. ಕೆಚ್ಚಲು ತೊಳೆದ ಮೇಲೆ ಒಣ ಬಟ್ಟೆಯಿಂದ ಒರೆಸಿಯೇ ಕರೆಯಿರಿ.

ಬ್ಲೀಚಿಂಗ್ ನೀರು ಕುಡಿದರೆ ಹಾಲು ಕಡಿಮೆಯಾಗುತ್ತದೆ ಎಂಬ ಮಾತನ್ನು ಹಲವು ಊರುಗಳಲ್ಲಿ ಕೇಳಿದ್ದೇನೆ. ಮನುಷ್ಯರು ಕುಡಿಯಬಹುದಾದಷ್ಟು ಕ್ಲೋರಿನ್ ಇರುವ ನೀರಿನಿಂದ ಹಸು ಎಮ್ಮೆಗೆ ತೊಂದರೆ ಇಲ್ಲ. ತೊಂದರೆ ಇರುವುದು ಟ್ಯಾಂಕರು ತೊಳೆಯಲು ಬಳಸಿದ ಗಾಢವಾದ ನೀರಿನಿಂದ. ಆ 24 ಗಂಟೆಯ ನೀರನ್ನು ದನದ ಬಾನಿಗೆ, ಕೆರೆಗೆ, ಹಳ್ಳಕ್ಕೆ, ಮಲ್ಲಿಗೆ ತೋಟದ ಕಾಲುವೆಗೆ ಬಿಡಬಾರದು. ದನ ಹೋಗದ ಬಯಲಿನಲ್ಲಿ ಗುಂಡಿ ತೋಡಿ ಅಲ್ಲಿ ಇಂಗಿಸಬೇಕು.

ಮನೆಗೆ ತಂದ ನೀರಿಗೆ ಮುಚ್ಚಳ, ಉದ್ದ ಹಿಡಿಯ ಸೌಟು, ಮೂರು ದಿನಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ ಉಜ್ಜುವುದು ನಿಮಗೆ ತಿಳಿದದ್ದೇ. ಓಣಿಯಲ್ಲಿ ಎರಡು ಮೂರು ಮನೆಗಳಲ್ಲಿ ಒಂದೇ ದಿನ ವಾಂತಿಭೇದಿ ಶುರುವಾದರೆ ನಾಳೆ ನೋಡೋಣ ಎನ್ನಬೇಡಿ. ಆ ನೀರು ನಿಲ್ಲಿಸಿ, ಓಆರ್‌ಎಸ್ ಕುಡಿಸಲು ಶುರುಮಾಡಿ, ಆಶಾ ಕಾರ್ಯಕರ್ತೆಗೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆ ದಿನ ಬಂದ ನೀರನ್ನು ಒಂದು ಚೊಕ್ಕ ಬಾಟಲಿಯಲ್ಲಿ ಹಿಡಿದು, ಮೇಲೆ ದಿನಾಂಕ ಬರೆದು ಇಟ್ಟುಕೊಂಡು ಅವರ ಕೈಗೇ ಕೊಡಿ.